ಒಡೆಯದ ಸೀಲ್, ಇಲ್ಲದ ಬಿಲ್ಲು

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದೇನೆ. ಮಗಳು ಈ ವರ್ಷ ಮೈಸೂರಿನಲ್ಲಿ ಕಾಲೇಜಿಗೆ ಸೇರುತ್ತಿದ್ದಾಳೆ. ಅವಳಿಗೆ ಒಂದು ಫೋನು, ಒಂದು ಲ್ಯಾಪ್‌ಟಾಪ್ ಬೇಕಾಗಿದೆ. ನಮ್ಮ ಭಾವನ ಸ್ನೇಹಿತರೊಬ್ಬರಿಗೆ ಪರಿಚಯವಿರುವ ಯುವಕನೊಬ್ಬ, ಸೀಲ್ ಒಡೆಯದ ಪೆಟ್ಟಿಗೆಯಲ್ಲಿಯೇ ಎರಡನ್ನೂ ಕೊಡುತ್ತೇನೆ ಎಂದಿದ್ದಾನೆ. ಅಂಗಡಿಯಲ್ಲಿ 62,000 ರೂಪಾಯಿ ಇರುವ ಫೋನಿಗೆ 41,000, 58,000 ಇರುವ ಲ್ಯಾಪ್‌ಟಾಪಿಗೆ 35,000 ಕೇಳುತ್ತಿದ್ದಾನೆ. ಫೋನು ಉಡುಗೊರೆಯಾಗಿ ಬಂದದ್ದು, ಲ್ಯಾಪ್‌ಟಾಪ್ ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಸಿಕ್ಕಿದ್ದು, ಎರಡಕ್ಕೂ ಬಿಲ್ಲಿಲ್ಲ ಎನ್ನುತ್ತಾನೆ. 3,000 ರೂಪಾಯಿ ಮುಂಗಡ ಕೊಟ್ಟಾಗಿದೆ. ಬರುವ ಶುಕ್ರವಾರ ಸಂತೆಯ ದಿನ ಮಡಿಕೇರಿಗೆ ತರುತ್ತಾನಂತೆ. ಸೀಲೇ ಇರುವಾಗ ಬಿಲ್ಲು ಯಾಕೆ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಬಿಲ್ಲು ಸಿಗದ ಹೊರತು ಫೋನನ್ನು ತೆಗೆದುಕೊಳ್ಳಬೇಡಿ, ಲ್ಯಾಪ್‌ಟಾಪನ್ನಂತೂ ಅವನು ಹೇಳುತ್ತಿರುವ ಕತೆಯನ್ನು ನಂಬಿ ಖಂಡಿತ ತೆಗೆದುಕೊಳ್ಳಬೇಡಿ. ಆದರೆ ನಿಮ್ಮ ಮನೆಯವರು ಕೇಳಿದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಈ ವ್ಯವಹಾರದಲ್ಲಿ ಹಣ ಕಳೆದುಕೊಳ್ಳುವ ಬಹುತೇಕ ಎಲ್ಲರೂ ಅದೇ ಪ್ರಶ್ನೆಯ ಬಳಿ ಎಡವುತ್ತಾರೆ. ತೋಟದ ರೈಟರ್ ಆದ ನಿಮಗೆ ಇದನ್ನು ಕರಿಮೆಣಸಿನ ಮೂಟೆಯ ಲೆಕ್ಕದಲ್ಲಿ ಹೇಳಬಹುದು. ಗುರುತಿಲ್ಲದ ಯುವಕನೊಬ್ಬ ಬಾಯಿ ಹೊಲಿದ ಮೂಟೆಯೊಂದನ್ನು ಜೀಪಿನಿಂದ ಇಳಿಸಿ, ಪೇಟೆಯ ದರಕ್ಕಿಂತ ಮೂರನೆಯ ಒಂದು ಭಾಗ ಕಡಿಮೆಗೆ ಕೊಡುತ್ತೇನೆ, ಆದರೆ ಹೊಲಿಗೆ ಬಿಚ್ಚಬೇಡಿ, ಯಾವ ತೋಟದ್ದೆಂದು ಕೇಳಬೇಡಿ ಎಂದರೆ ವ್ಯಾಪಾರಿಗೆ ಎರಡು ಅನುಮಾನಗಳು ಒಟ್ಟಿಗೇ ಬರುತ್ತವೆ: ಒಳಗಿರುವುದು ಮೆಣಸೇ ಹೌದೇ, ಮೆಣಸೇ ಆದರೆ ಅದು ಯಾರದ್ದು? ಹೊಲಿಗೆ ಎಷ್ಟು ಅಚ್ಚುಕಟ್ಟಾಗಿದ್ದರೂ ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಾರದು. ಸೀಲ್ ಮಾತನಾಡುವುದು ಪೆಟ್ಟಿಗೆಯ ಒಳಗಿನದರ ಬಗ್ಗೆ, ಅದೂ ಅರೆಬರೆ. ಬಿಲ್ಲು ಮಾತನಾಡುವುದು ಒಡೆತನದ ಬಗ್ಗೆ. ಒಂದಿದೆಯೆಂದು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಮೊದಲು ಸೀಲಿನ ವಿಷಯವನ್ನೇ ನೋಡೋಣ. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಕಾಫಿಪುಡಿ, ಏಲಕ್ಕಿ, ಮನೆಯಲ್ಲಿ ಮಾಡಿದ ಚಾಕೊಲೇಟ್ ಮಾರುವ ಅಂಗಡಿಗಳಲ್ಲಿ ಪೊಟ್ಟಣಕ್ಕೆ ಬಿಸಿ ಕೊಟ್ಟು ಮುಚ್ಚುವ ಸಣ್ಣ ಯಂತ್ರವನ್ನು ನೀವು ನೋಡಿರುತ್ತೀರಿ. ಪೆಟ್ಟಿಗೆಗೆ ತೆಳುವಾದ ಪ್ಲಾಸ್ಟಿಕ್ ಹೊದಿಸಿ, ಬಿಸಿಗಾಳಿ ಹಾಯಿಸಿ, ಕಾರ್ಖಾನೆಯದೇ ಎನ್ನುವಂತೆ ಮುಚ್ಚುವುದಕ್ಕೆ ಅದಕ್ಕಿಂತ ಹೆಚ್ಚಿನ ಸಲಕರಣೆಯೇನೂ ಬೇಕಾಗಿಲ್ಲ. ಆಪಲ್ ಕಂಪನಿ 2021ರ ಐಫೋನ್ 13ರಿಂದ ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನೇ ಕೈಬಿಟ್ಟು ಹಿಂಬದಿಯಲ್ಲಿ ಎಳೆದು ಹರಿಯುವ ಕಾಗದದ ಪಟ್ಟಿ ಕೊಡುತ್ತಿದೆ. ಆದರೂ ಅದಕ್ಕಿಂತ ಹೊಸ ಮಾದರಿಯ ಪೆಟ್ಟಿಗೆಗೆ ಮಿರಿಮಿರಿ ಪ್ಲಾಸ್ಟಿಕ್ ಸುತ್ತಿ, ನೋಡಿ ಸೀಲ್ ಪ್ಯಾಕ್ ಎಂದು ಮಾರುವವರಿದ್ದಾರೆ, ಅದನ್ನು ನಂಬಿ ಕೊಳ್ಳುವವರೂ ಇದ್ದಾರೆ. ಪೆಟ್ಟಿಗೆಯೊಳಗೆ ಸಾಬೂನು, ಟೈಲ್ಸಿನ ತುಂಡು, ಸತ್ತ ಹಳೆಯ ಫೋನು ಸಿಕ್ಕ ಪ್ರಸಂಗಗಳನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು.

ಇನ್ನು, ಸೀಲ್ ಅಸಲಿಯೇ ಆಗಿದ್ದರೂ ಕೊಳ್ಳುವವನಿಗೆ ಅದರಿಂದ ಒಂದು ತೊಂದರೆಯಿದೆ. ಬಳಸಿದ ಫೋನನ್ನು ಕೈಗೆ ತೆಗೆದುಕೊಂಡು ಪರದೆ, ಕ್ಯಾಮೆರಾ, ಬ್ಯಾಟರಿ, ನೆಟ್‌ವರ್ಕ್ ಎಲ್ಲವನ್ನೂ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಸೀಲ್ ಒಡೆದರೆ ಬೆಲೆ ಬಿದ್ದುಹೋಗುತ್ತದೆ ಎಂಬ ನೆಪ ಆ ಪರೀಕ್ಷೆಯನ್ನೇ ತಪ್ಪಿಸುತ್ತದೆ. ಕಾಫಿ ಕೊಳ್ಳುವವರು ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದು ತೇವಾಂಶವನ್ನೂ, ಒಣಕಾಯಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಔಟ್‌ಟರ್ನನ್ನೂ ನೋಡದೆ ದರ ಹೇಳುವುದುಂಟೇ?

ಬಿಲ್ಲು ಇಲ್ಲ ಎನ್ನುವ ಮಾತನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. ಐದು ವರ್ಷ ಬಳಸಿದ ಮಿಕ್ಸಿಯ ಬಿಲ್ಲು ಕಳೆದುಹೋಯಿತೆಂದರೆ ಯಾರೂ ಒಪ್ಪುತ್ತಾರೆ. ಇಂದಿಗೂ ತೆರೆಯದ ಪೆಟ್ಟಿಗೆಯೊಂದನ್ನು ಒಂದು ಗೀರೂ ಬೀಳದಂತೆ ಕಾಪಾಡಿದ ಮನುಷ್ಯ, ಅದೇ ದಿನ ಅದೇ ಕೈಗೆ ಬಂದ ಕಾಗದವನ್ನು ಮಾತ್ರ ಕಳೆದುಕೊಂಡ ಎನ್ನುವುದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈಗಿನ ಕಾಲದಲ್ಲಿ ಬಿಲ್ಲು ಕಳೆದುಹೋಗುವುದೇ ಕಷ್ಟ. ಆನ್‌ಲೈನಿನಲ್ಲಿ ಕೊಂಡಿದ್ದರೆ ಆರ್ಡರ್ ಮಾಡಿದವರ ಖಾತೆಯಲ್ಲಿ ಬಿಲ್ಲು ಇದ್ದೇ ಇರುತ್ತದೆ, ಬೇಕಾದಾಗ ಇಳಿಸಿಕೊಳ್ಳಬಹುದು. ಅಂಗಡಿಯಲ್ಲಿ ಕೊಂಡಿದ್ದರೆ ಶೇಕಡಾ 18ರ ಜಿಎಸ್‌ಟಿ ಕಟ್ಟಿದ ಬಿಲ್ಲಿನ ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲಿರುತ್ತದೆ, ಕೊಂಡ ತಾರೀಖೋ ಮೊಬೈಲ್ ಸಂಖ್ಯೆಯೋ ಹೇಳಿದರೆ ಇನ್ನೊಂದು ಪ್ರತಿ ತೆಗೆದುಕೊಡುತ್ತಾರೆ. ಉಡುಗೊರೆಯಾಗಿ ಬಂದಿದ್ದರೆ ಕೊಟ್ಟವರ ಬಳಿ ಬಿಲ್ಲಿರುತ್ತದೆ. 41,000 ರೂಪಾಯಿ ಕೈಗೆ ಬರಲಿರುವಾಗ ಆ ಮಾವನಿಗೋ ಅಣ್ಣನಿಗೋ ಒಂದು ಫೋನ್ ಮಾಡಿ ಬಿಲ್ಲಿನ ಚಿತ್ರ ತರಿಸಿಕೊಳ್ಳಲು ಯಾರಿಗೆ ಕಷ್ಟ? ಹಾಗಾಗಿ ಬಿಲ್ಲು ಕೊಡಿ ಎಂದು ಕೇಳುವುದು ಅವಮಾನವಲ್ಲ, ಅವನ ಉತ್ತರವೇ ನಿಮ್ಮ ಮೊದಲ ಪರೀಕ್ಷೆ.

ಈಗ ಕಾನೂನಿನ ಭಾಗ. ಮರದ ವಿಷಯದಲ್ಲಿ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ: ಪರ್ಮಿಟ್ ಇಲ್ಲದ ಬೀಟೆಮರದ ದಿಮ್ಮಿಗೆ ನೀವು ಪೂರ್ತಿ ಹಣ ಕೊಟ್ಟಿದ್ದೀರಿ ಎಂಬುದು ಚೆಕ್‌ಪೋಸ್ಟಿನಲ್ಲಿ ಉತ್ತರವಾಗುವುದಿಲ್ಲ. ಚರ ವಸ್ತುಗಳಿಗೂ ಹೆಚ್ಚುಕಡಿಮೆ ಅದೇ ನ್ಯಾಯ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಕದ್ದ ಫೋನು ಮೂರು ಕೈ ದಾಟಿ ನಿಮ್ಮ ಬಳಿ ಬಂದರೂ, ನೀವು ಪ್ರಾಮಾಣಿಕವಾಗಿ ಹಣ ಕೊಟ್ಟಿದ್ದರೂ, ಅದು ಮೊದಲ ಒಡೆಯನದೇ. ಕಳವಿನ ಮಾಲೆಂದು ಸಂಶಯ ಬಂದ ವಸ್ತುವನ್ನು ಪೊಲೀಸರು ವಶಪಡಿಸಿಕೊಳ್ಳಬಹುದು, ಅದನ್ನು ಯಾರಿಗೆ ಒಪ್ಪಿಸಬೇಕೆಂದು ನ್ಯಾಯಾಲಯ ತೀರ್ಮಾನಿಸುತ್ತದೆ, ಅಲ್ಲಿಯೂ ಬಿಲ್ಲು ಇರುವವನ ಮಾತಿಗೇ ತೂಕ ಹೆಚ್ಚು. ನಿಮ್ಮ ಹಣವನ್ನು ನೀವು ಮಾರಿದವನಿಂದ ವಸೂಲು ಮಾಡಿಕೊಳ್ಳಬೇಕು, ಅವನ ಸಿಮ್ ಅಷ್ಟರಲ್ಲಿ ಸ್ವಿಚ್ ಆಫ್ ಆಗಿರುತ್ತದೆ.

ಇದು ಹಣದ ನಷ್ಟವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು ಕಳವಿನ ಮಾಲನ್ನು ಪಡೆಯುವುದನ್ನೇ ಅಪರಾಧವೆನ್ನುತ್ತದೆ. ಮೂರು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಪ್ರಾಮಾಣಿಕ ಉದ್ದೇಶ ಇರಬೇಕು, ಕಳವಿನದೆಂದು ತಿಳಿದಿರಬೇಕು ಅಥವಾ ಹಾಗೆ ನಂಬಲು ಕಾರಣವಿರಬೇಕು ಎಂಬ ಷರತ್ತು ಅದರಲ್ಲಿದೆ, ಆದ್ದರಿಂದ ಅಮಾಯಕ ಖರೀದಿದಾರನಿಗೆ ಶಿಕ್ಷೆಯಾಗಿಯೇ ತೀರುತ್ತದೆ ಎಂದು ನಾನು ಹೆದರಿಸುವುದಿಲ್ಲ. ಆದರೆ ‘ನಂಬಲು ಕಾರಣ’ ಎನ್ನುವ ಆ ಎರಡು ಪದಗಳನ್ನು ಇನ್ನೊಮ್ಮೆ ಓದಿ. ಸೀಲ್ ಒಡೆಯದ ಹೊಸ ವಸ್ತು, ಮೂರನೆಯ ಒಂದು ಭಾಗ ಅಗ್ಗ, ಬಿಲ್ಲಿಲ್ಲ, ಮಾರುವವನ ಮನೆ ಗೊತ್ತಿಲ್ಲ, ಇಷ್ಟೂ ಗೊತ್ತಿದ್ದೂ ಅನುಮಾನ ಬರಲಿಲ್ಲವೇ ಎಂದು ತನಿಖಾಧಿಕಾರಿ ಕೇಳಿದರೆ ಹೇಳಲು ನಿಮ್ಮ ಬಳಿ ಏನಿದೆ?

ಪೊಲೀಸರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಕಾಲ ಹೋಯಿತು. ಪ್ರತಿ ಫೋನಿಗೂ ಅದರದೇ ಗುರುತಾದ, ಐಎಂಇಐ ಎಂಬ 15 ಅಂಕಿಯ ಸಂಖ್ಯೆಯಿದೆ, ಎರಡು ಸಿಮ್ಮಿನ ಫೋನಿಗೆ ಎರಡು. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೆರೆದ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವ್ಯವಸ್ಥೆಯಲ್ಲಿ, ಫೋನು ಕಳೆದುಕೊಂಡವರು ಪೊಲೀಸ್ ದೂರಿನ ಜೊತೆ ಆ ಸಂಖ್ಯೆ ಕೊಟ್ಟರೆ ಭಾರತದ ಯಾವ ನೆಟ್‌ವರ್ಕಿನಲ್ಲೂ ಅದು ಕೆಲಸ ಮಾಡದಂತೆ ತಡೆಯುತ್ತಾರೆ. ಆಮೇಲೆ ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಆ ಸಿಮ್ ಯಾರ ಹೆಸರಿನದು ಎಂಬ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ನಿಮ್ಮ ವಿಷಯದಲ್ಲಿ ಆ ಸಿಮ್ ಮಗಳದು. ಠಾಣೆಯಿಂದ ಮೊದಲ ಕರೆ ಹೋಗುವುದು ಮೈಸೂರಿನ ಹಾಸ್ಟೆಲಿನಲ್ಲಿರುವ ಆ ಹುಡುಗಿಗೆ.

ಹಾಗಾದರೆ ಕೊಳ್ಳುವ ಮುನ್ನ ಆ ಸಂಖ್ಯೆಯನ್ನೇ ಪರೀಕ್ಷಿಸಿದರೆ ಸಾಲದೇ? ಪರೀಕ್ಷಿಸಲೇಬೇಕು, ಸೀಲ್ ಒಡೆಯುವ ಅಗತ್ಯವೂ ಇಲ್ಲ, ಪೆಟ್ಟಿಗೆಯ ಮೇಲೆಯೇ ಐಎಂಇಐ ಅಚ್ಚಾಗಿರುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಕೆ, ವೈ, ಎಂ ಎಂದು ಬರೆದು, ಒಂದು ಜಾಗ ಬಿಟ್ಟು ಆ 15 ಅಂಕಿಗಳನ್ನು ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಉತ್ತರ ಬರುತ್ತದೆ. ಸಂಚಾರ್ ಸಾಥಿ ಆ್ಯಪಿನಲ್ಲೂ ನೋಡಬಹುದು. ಸಂಖ್ಯೆ ಕಪ್ಪುಪಟ್ಟಿಯಲ್ಲಿದೆ, ನಕಲಿ ಇದೆ ಅಥವಾ ಆಗಲೇ ಬಳಕೆಯಲ್ಲಿದೆ ಎಂದು ಬಂದರೆ ಅಲ್ಲಿಗೆ ಮಾತು ಮುಗಿಯಿತು. ಸೀಲ್ ಒಡೆಯದ ಪೆಟ್ಟಿಗೆಯ ಫೋನು ‘ಬಳಕೆಯಲ್ಲಿದೆ’ ಎಂದರೆ ಅದರ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ. ಆದರೆ ಉತ್ತರ ಸರಿಯಾಗಿಯೇ ಬಂದರೆ ವಸ್ತು ಸರಿಯಾದದ್ದೆಂದು ತಿಳಿಯಬೇಡಿ. ಆ ಪಟ್ಟಿಯಲ್ಲಿರುವುದು ಒಡೆಯರು ದೂರು ಕೊಟ್ಟ ಫೋನುಗಳು ಮಾತ್ರ. ಗೋದಾಮಿನಿಂದಲೋ ಕೊರಿಯರ್ ವಾಹನದಿಂದಲೋ ಹೋದ ಸೀಲ್ ಪೆಟ್ಟಿಗೆ ಯಾವುದೆಂದು ಸ್ಟಾಕ್ ತಾಳೆ ನೋಡುವವರೆಗೆ ಮಾಲೀಕರಿಗೂ ಗೊತ್ತಿರುವುದಿಲ್ಲ. ಇಂದು ಶುದ್ಧವಾಗಿರುವ ಸಂಖ್ಯೆ ಮುಂದಿನ ತಿಂಗಳು ಪಟ್ಟಿ ಸೇರಬಹುದು. ಬಳಸಿದ ಫೋನಿಗಿಂತ ಸೀಲ್ ಪೆಟ್ಟಿಗೆಯ ವಿಷಯದಲ್ಲಿ ಈ ಪರೀಕ್ಷೆ ದುರ್ಬಲವಾಗಿರುವುದು ಈ ಕಾರಣಕ್ಕೆ.

ಕಳವಿಲ್ಲದೆಯೂ ಇದೇ ಫಜೀತಿ ಬರುವ ಇನ್ನೊಂದು ದಾರಿಯಿದೆ. ಕೈಯಲ್ಲಿ ಕಾಸಿಲ್ಲದವನು ಅಂಗಡಿಯಲ್ಲಿ ಕಂತಿನ ಮೇಲೆ ಫೋನು ತೆಗೆದು, ಪೆಟ್ಟಿಗೆ ಒಡೆಯದೆ ಅಗ್ಗಕ್ಕೆ ಮಾರಿ ಕೈಗೆ ನಗದು ಮಾಡಿಕೊಳ್ಳುತ್ತಾನೆ. ಸಾಲದಾತರು ಇಂಥ ಕೆಲವು ಫೋನುಗಳಲ್ಲಿ ದೂರದಿಂದಲೇ ಬೀಗ ಹಾಕುವ ಏರ್ಪಾಡು ಇಟ್ಟಿರುವುದುಂಟು. ಅವನು ಎರಡು ಕಂತು ತಪ್ಪಿಸಿದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಮಗಳ ಫೋನಿನ ಪರದೆಯ ಮೇಲೆ ಬಾಕಿ ಕಟ್ಟಿ ಎಂಬ ಸೂಚನೆ ಬರಬಹುದು. ನನ್ನ ಅನುಭವದಲ್ಲಿ ಕಳವಿನ ಫೋನಿಗಿಂತ ಇಂಥವೇ ಹೆಚ್ಚು, ಅದರಲ್ಲೂ ಕಾಲೇಜು ಹುಡುಗರ ನಡುವೆ. ಬಿಲ್ಲಿನಲ್ಲಿ ಸಾಮಾನ್ಯವಾಗಿ ಸಾಲ ಕೊಟ್ಟ ಸಂಸ್ಥೆಯ ಹೆಸರೂ ಅಚ್ಚಾಗಿರುತ್ತದೆ, ಅದನ್ನು ತೋರಿಸದಿರಲು ಅದೂ ಒಂದು ಕಾರಣ.

ಲ್ಯಾಪ್‌ಟಾಪಿನ ಬಗ್ಗೆ ನನಗೆ ಹೆಚ್ಚು ಆತಂಕ. ಹಿಂದಿನ ಕಂಪನಿಯಲ್ಲಿ ಸಿಕ್ಕಿದ್ದು ಎನ್ನುವ ಮಾತಿನಲ್ಲೇ ತೊಡಕಿದೆ. ಕಂಪನಿ ನೌಕರನಿಗೆ ಕೊಡುವ ಲ್ಯಾಪ್‌ಟಾಪ್ ಬಹುತೇಕ ಕಂಪನಿಯದೇ ಆಸ್ತಿ, ಕೆಲಸ ಬಿಡುವಾಗ ಹಿಂತಿರುಗಿಸಬೇಕಾದದ್ದು. ನಿಜವಾಗಿ ಕೊಟ್ಟೇಬಿಟ್ಟಿದ್ದರೆ ಅದಕ್ಕೊಂದು ಪತ್ರವಿರುತ್ತದೆ. ಇದರ ಜೊತೆಗೆ ಹೊರಗಿನವರಿಗೆ ಕಾಣದ ಒಂದು ವ್ಯವಸ್ಥೆಯಿದೆ. ದೊಡ್ಡ ಸಂಸ್ಥೆಗಳು ಸಗಟಿನಲ್ಲಿ ಲ್ಯಾಪ್‌ಟಾಪು, ಫೋನುಗಳನ್ನು ಕೊಂಡಾಗ, ಪೆಟ್ಟಿಗೆ ತೆರೆಯುವ ಮೊದಲೇ ಅವುಗಳ ಗುರುತನ್ನು ತಯಾರಕರ ಸರ್ವರಿನಲ್ಲಿ ತಮ್ಮ ಹೆಸರಿಗೆ ದಾಖಲಿಸಿರುತ್ತವೆ. ವಿಂಡೋಸ್ ಯಂತ್ರಗಳಿಗೆ ಆಟೊಪೈಲಟ್ ಎಂಬ ಏರ್ಪಾಡಿದೆ, ಆಪಲ್ ಮತ್ತು ಸ್ಯಾಮ್‌ಸಂಗ್ ಸಾಧನಗಳಿಗೂ ಅವುಗಳದೇ ಆದದ್ದಿದೆ. ಪೆಟ್ಟಿಗೆ ನಿಜವಾಗಿಯೂ ಸೀಲ್ ಆಗಿಯೇ ಇರುತ್ತದೆ, ಯಂತ್ರವೂ ಹೊಸದೇ. ಮೊದಲ ಸಲ ಚಾಲೂ ಮಾಡಿ ವೈಫೈಗೆ ಜೋಡಿಸಿದ ಕ್ಷಣ ಆ ಸಂಸ್ಥೆಯ ಹೆಸರು ತೆರೆಯ ಮೇಲೆ ಬಂದು, ನೌಕರನ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಬೀಗ ಇರುವುದು ಯಂತ್ರದಲ್ಲಲ್ಲ, ದೂರದ ಸರ್ವರಿನಲ್ಲಿ. ಆದ್ದರಿಂದ ಫಾರ್ಮ್ಯಾಟ್ ಮಾಡಿಸಿದರೂ ಆ ದಾಖಲೆ ಅಳಿಯುವುದಿಲ್ಲ. ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು ಮೊಮ್ಮಗನಿಗೆಂದು ಕೊಂಡ ಇಂಥದೇ ಸೀಲ್ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ತಂದಿಟ್ಟು, ತಾವೇ ಟೇಪು ಕತ್ತರಿಸಿದರು. ಪರದೆ ಬೆಳಗಿ ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಸಂಸ್ಥೆಯೊಂದು ಸ್ವಾಗತ ಕೋರಿತು. ಅವರು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಆ ಪೆಟ್ಟಿಗೆಗೆ ಅವರು ಕೊಟ್ಟಿದ್ದ ದರವನ್ನು ನನಗೆ ಹೇಳಲೇ ಇಲ್ಲ.

ವಾರಂಟಿಯ ಬಗ್ಗೆ ಒಂದೆರಡು ಮಾತು ಸಾಕು. ಸಾಮಾನ್ಯವಾಗಿ ಒಂದು ವರ್ಷದ ವಾರಂಟಿಯಿರುತ್ತದೆ, ಕೆಲವು ಕಂಪನಿಗಳು ಮೊದಲು ಚಾಲೂ ಮಾಡಿದ ದಿನದಿಂದ ಎಣಿಸುತ್ತವೆ, ಕೆಲವು ಬಿಲ್ಲಿನ ತಾರೀಖಿನಿಂದ. ಬಿಲ್ಲಿಲ್ಲದೆ ಹೋದರೆ ಸರ್ವಿಸ್ ಸೆಂಟರಿನವರು ಒಪ್ಪಲೂಬಹುದು, ವಾಪಸು ಕಳಿಸಲೂಬಹುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಹೋಗಿ ಆ ಉತ್ತರ ಕೇಳಿಬರುವುದು ಸುಖವಲ್ಲ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿ. ವಾರಂಟಿಯ ನಾಲ್ಕು ತಿಂಗಳು ಆಗಲೇ ಕಳೆದಿದೆ ಎಂದು ಬಂದರೆ ಆ ಸೀಲಿನ ಒಳಗಿನ ಕತೆ ಬೇರೆಯೇ. ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ತಯಾರಕರ ಅಥವಾ ಆಮದುದಾರರ ವಿಳಾಸ ಇರುವ ಚೀಟಿ ಪೆಟ್ಟಿಗೆಯ ಮೇಲೆ ಇರಲೇಬೇಕು; ಇಲ್ಲವಾದರೆ ಅದು ಇಲ್ಲಿನ ಮಾರುಕಟ್ಟೆಗೆ ಬಂದ ಸರಕಲ್ಲ. ಕೊಲ್ಲಿ ದೇಶಗಳಿಂದ ತಂದ ಫೋನುಗಳು ನಮ್ಮ ಗಡಿಭಾಗದಲ್ಲಿ ಅಪರೂಪವಲ್ಲ, ಅವೆಲ್ಲ ಕಳವಿನವೂ ಅಲ್ಲ, ಆದರೆ ಇಲ್ಲಿ ಅವಕ್ಕೆ ವಾರಂಟಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ಅನಂತರದವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಇನ್ನು ಎರಡು ಮೂರು ವರ್ಷ ಪೆಟ್ಟಿಗೆಯೊಳಗೇ ಮಲಗಿದ್ದ ಸಾಧನವಾದರೆ ಅದರ ಲಿಥಿಯಂ ಬ್ಯಾಟರಿ ಬಳಸದೆಯೇ ಸವೆದಿರುತ್ತದೆ. ಪೂರ್ತಿ ಬರಿದಾಗಿ ಚಾರ್ಜನ್ನೇ ಹಿಡಿಯದಿರುವುದೂ ಉಂಟು.

ಸೈನಿಕರ ಮನೆಗಳು ಹೆಚ್ಚಿರುವ ಜಿಲ್ಲೆಯಾದ್ದರಿಂದ ಒಂದು ವಿಷಯವನ್ನು ಬಿಡುವಂತಿಲ್ಲ. ಮಿಲಿಟರಿ ಕ್ಯಾಂಟೀನಿನಿಂದ ತಂದದ್ದು, ಅದಕ್ಕೇ ಅಗ್ಗ ಎನ್ನುವ ಮಾತು ಇಲ್ಲಿ ಬೇಗ ನಂಬಿಕೆ ಗಳಿಸುತ್ತದೆ. ಕ್ಯಾಂಟೀನಿನಲ್ಲೂ ಬಿಲ್ಲು ಕೊಡುತ್ತಾರೆ, ಅಲ್ಲಿನ ಸರಕು ಹಕ್ಕುದಾರರ ಸ್ವಂತ ಬಳಕೆಗೆ, ಹೊರಗಿನವರಿಗೆ ಮಾರುವಂತಿಲ್ಲ. ಸೈನಿಕನ ಗುರುತುಚೀಟಿಯ ಚಿತ್ರ ಕಳಿಸಿ, ವರ್ಗಾವಣೆಯಾಗಿದೆ, ವಸ್ತುವನ್ನು ಕೊರಿಯರ್ ಮಾಡುತ್ತೇನೆ, ಹಣ ಹಾಕಿ ಎನ್ನುವವರು ದೇಶದೆಲ್ಲೆಡೆ ಇದ್ದಾರೆ. ಅವರಲ್ಲಿ ಪೆಟ್ಟಿಗೆಯೂ ಇರುವುದಿಲ್ಲ, ಸೈನಿಕನೂ ಇರುವುದಿಲ್ಲ. ನಮ್ಮಲ್ಲಿ ಯಾರನ್ನಾದರೂ ಯಾವ ಮನೆಯವರು ಎಂದು ಕೇಳಿ ತಿಳಿದರೆ ಅರ್ಧ ಪರಿಚಯವಾದಂತೆ. ನಿಮ್ಮ ಈ ಯುವಕನ ಮನೆ ಭಾವನಿಗೂ ಗೊತ್ತಿಲ್ಲ, ಭಾವನ ಸ್ನೇಹಿತರಿಗೂ ಸರಿಯಾಗಿ ಗೊತ್ತಿದ್ದಂತಿಲ್ಲ.

ಮುಂದೆ ಜಗಳವಾದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಂಗಡಿಯವರು ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಆದರೆ ತನ್ನ ಬಳಿಯಿದ್ದ ಒಂದು ವಸ್ತುವನ್ನು ಮಾರಿದ ಖಾಸಗಿ ವ್ಯಕ್ತಿಯನ್ನು ವ್ಯಾಪಾರಿಯೆಂದು ಸಾಧಿಸುವುದು ಕಷ್ಟ.

ಇಷ್ಟರ ಮೇಲೂ ಅವನು ಬಿಲ್ಲು ತರಿಸುತ್ತೇನೆ ಎಂದರೆ, ಫೋನಿನ ಮಟ್ಟಿಗೆ ವ್ಯವಹಾರ ಮುಂದುವರಿಸಬಹುದು. ಬಿಲ್ಲಿನಲ್ಲಿರುವ ಐಎಂಇಐ, ಪೆಟ್ಟಿಗೆಯ ಮೇಲಿನದು, ಫೋನು ತೆರೆದು *#06# ಒತ್ತಿದಾಗ ಬರುವುದು, ಮೂರೂ ಒಂದೇ ಆಗಿರಬೇಕು. ಹಣ ಕೊಡುವ ಮುನ್ನ, ಅವನ ಎದುರಿನಲ್ಲೇ ಸೀಲ್ ಒಡೆದು, ವೈಫೈ ಜೋಡಿಸಿ, ಮುಖ್ಯ ಪರದೆ ಬರುವವರೆಗೆ ಕಾಯಿರಿ; ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ. ಬಿಲ್ಲು ಬೇರೆಯವರ ಹೆಸರಿನಲ್ಲಿದ್ದರೆ ತೊಂದರೆಯಿಲ್ಲ, ಅವರೊಡನೆ ಫೋನಿನಲ್ಲಿ ಮಾತನಾಡಿ. ನಗದು ಬೇಡ, ಯುಪಿಐ ಮೂಲಕ ಕೊಡಿ, ಮತ್ತು ಐಎಂಇಐ, ತಾರೀಖು, ಮೊತ್ತ, ವಸ್ತು ತನ್ನದೇ ಎಂಬ ಮಾತು ಇರುವ ಚೀಟಿಗೆ ಸಹಿ ಮಾಡಿಸಿ, ಅವನ ಗುರುತುಚೀಟಿಯ ಪ್ರತಿಯನ್ನು ಲಗತ್ತಿಸಿಕೊಳ್ಳಿ. ಈ ಚೀಟಿ ಒಡೆತನ ಕೊಡುವುದಿಲ್ಲ, ನಿಮ್ಮ ಪ್ರಾಮಾಣಿಕತೆಗೆ ಸಾಕ್ಷಿಯಾಗುತ್ತದೆ, ಅಷ್ಟೇ. ಇದಾವುದನ್ನೂ ಸಂತೆಯ ಗಲಾಟೆಯಲ್ಲಿ, ಮಳೆಗೆ ಕೊಡೆ ಹಿಡಿದುಕೊಂಡು ಮಾಡಲಾಗದು. ಪರಿಚಯದ ಮೊಬೈಲ್ ಅಂಗಡಿಯೊಂದರಲ್ಲಿ ಕುಳಿತು ಮಾಡಿ. ಐಎಂಇಐ ಬದಲಿಸಿಕೊಡುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ ಎನ್ನುವವರು ಸಿಕ್ಕರೆ ಎದ್ದು ಬನ್ನಿ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವನ್ನೂ 50 ಲಕ್ಷ ರೂಪಾಯಿಯವರೆಗೆ ದಂಡವನ್ನೂ ಇಟ್ಟಿದೆ.

ಉಳಿದದ್ದು ನಿಮ್ಮ 3,000 ರೂಪಾಯಿಯ ಮುಂಗಡ. ಶುಕ್ರವಾರದವರೆಗೆ ಕಾಯದೆ ಇವತ್ತೇ ಅವನಿಗೆ ವಾಟ್ಸ್ಆ್ಯಪಿನಲ್ಲಿ ಸೌಜನ್ಯದಿಂದ ಬರೆಯಿರಿ: ಲ್ಯಾಪ್‌ಟಾಪ್ ಬೇಡ, ಫೋನಿನ ಬಿಲ್ಲಿನ ಚಿತ್ರ ಕಳಿಸಿದರೆ ಬರುತ್ತೇನೆ, ಇಲ್ಲವಾದರೆ ಮುಂಗಡ ಹಿಂತಿರುಗಿಸಬೇಕು. ಬರವಣಿಗೆಯಲ್ಲಿ ಕೇಳಿದ್ದು ಮುಂದೆ ಉಪಯೋಗಕ್ಕೆ ಬರುತ್ತದೆ. ಅವನು ಉತ್ತರಿಸದೆ ಸಂಖ್ಯೆಯನ್ನೇ ಮುಚ್ಚಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮುಂಗಡ ಯುಪಿಐ ಮೂಲಕ ಹೋಗಿದ್ದರೆ ಅದರ ವಿವರ ಕೊಟ್ಟು ದೂರು ದಾಖಲಿಸಿ. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮುಂಗಡ ಹೋಗುತ್ತದಲ್ಲ ಎಂಬ ಸಂಕಟಕ್ಕೆ ಉಳಿದ 73,000 ರೂಪಾಯಿಯನ್ನು ಹಿಡಿದುಕೊಂಡು ಶುಕ್ರವಾರ ಬಸ್ಸು ಹತ್ತಬೇಡಿ.